ಆಯಿಲ್ ಹೋದ ದಾರಿ

ಶಿಷ್ಯ ಕೇಳಿದ: “ಗುರುಗಳೇ, ಒಬ್ಬನ ಮೇಲೆ ಸುಳ್ಳು ಆರೋಪ ಬಂತು. ಅವನ ತಪ್ಪಿಲ್ಲವೆಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ಆದರೂ ಅವನು ಸಿಟ್ಟು ಬಿಡುತ್ತಿಲ್ಲ. ಅಂಥವನಿಗೆ ಏನು ಬುದ್ಧಿ ಹೇಳಬೇಕು?”

ಗುರುಗಳು ಒಂದು ಕತೆ ಹೇಳಿದರು:

ಒಂದು ಕಡೆ ಕಾಲುವೆ ತೋಡುವ ಕೆಲಸ ನಡೆದಿತ್ತು. ಕೆಲಸ ಹಿಡಿದವನು ಒಬ್ಬ ಗುತ್ತಿಗೆದಾರ. ಅವನ ಬಳಿ ಮಣ್ಣು ಅಗೆಯುವ ದೊಡ್ಡ ಯಂತ್ರವೊಂದಿತ್ತು. ಅದನ್ನು ನಡೆಸುವವನು ಒಬ್ಬ ಆಪರೇಟರ್. ಇಂಥ ಕತೆಗಳಲ್ಲಿ ಹೆಸರು ಹೇಳುವ ರೂಢಿಯಿಲ್ಲ. ಆದರೆ ಇವನ ಹೆಸರು ಹೇಳುತ್ತೇನೆ, ಯಾಕೆಂದರೆ ಅದನ್ನು ಅವನಿಂದ ಕಿತ್ತುಕೊಂಡರು. ಅವನು ಯಮನೂರಪ್ಪ.

ಆ ಯಂತ್ರದಲ್ಲಿ ಎರಡು ಬಗೆಯ ಆಯಿಲ್ ಇರುತ್ತದೆ. ಒಂದು ಎಂಜಿನ್ನಿನದು. ಇನ್ನೊಂದು ಹೈಡ್ರಾಲಿಕ್ ಆಯಿಲ್. ಅದರ ಒತ್ತಡದಿಂದಲೇ ಯಂತ್ರದ ತೋಳು ಏಳುತ್ತದೆ, ಬಕೆಟ್ಟು ಮಣ್ಣು ಬಾಚುತ್ತದೆ. ಇವೆರಡೂ ಒಂದರೊಳಗೊಂದು ಸೇರಬಾರದು.

ಒಂದು ಬೆಳಗ್ಗೆ ಹೈಡ್ರಾಲಿಕ್ ಆಯಿಲ್ ಕಡಿಮೆಯಾಗಿರುವುದನ್ನು ಯಮನೂರಪ್ಪ ಕಂಡ. ಪೈಪುಗಳನ್ನೆಲ್ಲ ಕೈಯಿಂದ ತಡವಿ ನೋಡಿದ. ಯಂತ್ರದ ಅಡಿಯಲ್ಲಿ ಮಲಗಿ ನೋಡಿದ. ಎಲ್ಲಿಯೂ ಒಂದು ತೊಟ್ಟು ಬಿದ್ದಿರಲಿಲ್ಲ. ಒಂದು ಲೀಟರ್ ಹಾಕಿ ಕೆಲಸಕ್ಕೆ ಹತ್ತಿದ. ಮರುದಿನ ಮತ್ತೆ ಅಷ್ಟೇ ಕಡಿಮೆ. ಆಗ ಅವನು ಇನ್ನೊಂದನ್ನೂ ಕಂಡ. ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರೆ, ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. ಅದಕ್ಕೆ ಯಾರೂ ಆಯಿಲ್ ಹಾಕಿರಲಿಲ್ಲ.

ಒಂದು ಇಳಿದಂತೆ ಇನ್ನೊಂದು ಏರುತ್ತಿದೆ ಎಂದು ಅವನು ದಿನದಿನದ ವಿವರ ಬರೆಯುವ ಯಂತ್ರದ ಪುಸ್ತಕದಲ್ಲಿ ಬರೆದ. ಮೆಕ್ಯಾನಿಕ್‌ನನ್ನು ಕರೆಸಬೇಕೆಂದು, ಗುತ್ತಿಗೆದಾರನ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್‌ಗೆ ಬಾಯಿಬಿಟ್ಟೂ ಹೇಳಿದ. ಸೂಪರ್‌ವೈಸರ್ ನಕ್ಕ. “ಎಂಜಿನ್ ಆಯಿಲ್ ಕುಡಿಯುವುದನ್ನು ಕೇಳಿದ್ದೇನೆ, ಹೆರುವುದನ್ನು ಕೇಳಿಲ್ಲ” ಎಂದ. ಬರೆದದ್ದನ್ನು ಓದದೆ ಕೆಳಗೆ ರುಜು ಹಾಕಿದ. ಯಮನೂರಪ್ಪ ಮೂರು ಸಲ ಬರೆದ. ಮೂರು ಸಲವೂ ರುಜು ಬಿತ್ತು. ಮೆಕ್ಯಾನಿಕ್ ಬರಲಿಲ್ಲ.

ಎಂಟನೆಯ ದಿನ ಗುತ್ತಿಗೆದಾರ ಬಂದ. ಎಂಟು ಲೀಟರ್ ಆಯಿಲ್ ಎಲ್ಲಿ ಹೋಯಿತೆಂದು ಕೇಳಿದ. ನೆಲಕ್ಕೆ ಸೋರಿಲ್ಲ ಅಂದ ಮೇಲೆ ಯಾರೋ ಮಾರಿಕೊಂಡಿದ್ದಾರೆ ಎಂದು ತಾನೇ ತೀರ್ಮಾನಿಸಿದ. ಕೂಲಿಯವರನ್ನೆಲ್ಲ ಕಾಲುವೆಯ ಏರಿಯ ಮೇಲೆ ನಿಲ್ಲಿಸಿದ. ಯಮನೂರಪ್ಪನ ಬುತ್ತಿಯ ಗಂಟು ಬಿಚ್ಚಿಸಿದ. ಅಲ್ಲೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನ ಹೆಂಡತಿ ಹೊನ್ನವ್ವ ಇದ್ದಳು. ಸೂಪರ್‌ವೈಸರ್ ಒಳಗೆ ನುಗ್ಗಿ ಪಾತ್ರೆ, ಹಾಸಿಗೆ, ಬಟ್ಟೆಗಳನ್ನೆಲ್ಲ ಅಂಗಳಕ್ಕೆ ಎಸೆದ. ಅಡುಗೆ ಎಣ್ಣೆಯ ಡಬ್ಬಿಯಲ್ಲಿ ಬೆರಳದ್ದಿ ಮೂಸಿ ನೋಡಿದ. ಅದು ಕುಸುಬೆ ಎಣ್ಣೆ.

ಏನೂ ಸಿಗಲಿಲ್ಲ. ಏನೂ ಸಿಗದ ಹಾಗೆ ಕದ್ದಿದ್ದಾನೆ, ಎಂಥ ಪಳಗಿದ ಕಳ್ಳ ನೋಡಿ, ಎಂದ ಗುತ್ತಿಗೆದಾರ. ಅವನ ಫೋಟೋ ತೆಗೆದ. ‘ಎಣ್ಣೆಕಳ್ಳ, ಕೆಲಸಕ್ಕೆ ಇಟ್ಟುಕೊಳ್ಳಬೇಡಿ’ ಎಂದು ಬರೆದು ಆ ಸೀಮೆಯ ಗುತ್ತಿಗೆದಾರರ ಮೊಬೈಲಿಗೆಲ್ಲ ಕಳಿಸಿದ. ಎಲ್ಲರೂ ಹೋದ ಮೇಲೆ ಹೊನ್ನವ್ವ ಆ ಡಬ್ಬಿಯ ಎಣ್ಣೆಯನ್ನು ಮಣ್ಣಿಗೆ ಸುರಿದಳು.

ಹದಿನೆಂಟು ವರ್ಷ ಯಂತ್ರ ನಡೆಸಿದವನು ಕ್ವಾರಿಯಲ್ಲಿ ಕಲ್ಲು ಹೊರುವ ಕೂಲಿಗೆ ಹೋದ. ಬೇರೆ ಯಾರೂ ಅವನನ್ನು ಹತ್ತಿರ ಸೇರಿಸಲಿಲ್ಲ.

ಗುತ್ತಿಗೆದಾರ ಹೊಸ ಆಪರೇಟರ್‌ನನ್ನು ತಂದ. ಹೈಡ್ರಾಲಿಕ್ ಟ್ಯಾಂಕಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡ. ಬೀಗ ಹಾಕಿದ ಟ್ಯಾಂಕಿನಿಂದಲೂ ದಿನಕ್ಕೊಂದು ಲೀಟರ್ ಹೋಯಿತು. ಆಗಲೂ ಅವನಿಗೆ ನಾಚಿಕೆಯಾಗಲಿಲ್ಲ. ರಾತ್ರಿ ಯಂತ್ರ ಕಾಯುವ ಕಾವಲುಗಾರನನ್ನು ಬೈದ.

ಒಂದು ಮಧ್ಯಾಹ್ನ ಎಂಜಿನ್ ದಟ್ಟವಾಗಿ ಹೊಗೆ ಕಾರಿ ನಿಂತಿತು. ಕಾಲುವೆಯ ಕೆಲಸವೂ ನಿಂತಿತು. ಆಗ ಮೆಕ್ಯಾನಿಕ್‌ಗೆ ಕರೆ ಹೋಯಿತು. ಯಂತ್ರ ಕೆಟ್ಟರೆ ಅರ್ಧ ದಿನದಲ್ಲಿ ಜನ ಬರುತ್ತಾರೆ, ಶಿಷ್ಯಾ. ಮನುಷ್ಯನ ಮಾನ ಹೋದರೆ ಯಾರೂ ಬರುವುದಿಲ್ಲ.

ಮೆಕ್ಯಾನಿಕ್ ಮೊದಲು ಎಂಜಿನ್ನಿನ ಕಡ್ಡಿ ಎಳೆದ. ಆಯಿಲನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿದ. ತೀರ ತೆಳ್ಳಗಿತ್ತು. ಹೈಡ್ರಾಲಿಕ್ ಪಂಪನ್ನು ತಿರುಗಿಸುವುದು ಎಂಜಿನ್ನಿನ ಗೇರುಗಳು. ಎರಡರ ನಡುವೆ ಬಳೆಯಂಥ ಒಂದು ಸೀಲು ಇರುತ್ತದೆ. ಅದು ಹರಿದರೆ ಪಂಪಿನ ಆಯಿಲ್ ಹೊರಗೆ ಬೀಳದೆ ಎಂಜಿನ್ನಿನ ಒಳಗೇ ಇಳಿಯುತ್ತದೆ ಎಂದು ಹೇಳಿದ. ಆದರೆ ಅಷ್ಟಕ್ಕೇ ಸೀಲನ್ನೂ ದೂರಲಿಲ್ಲ. ಅದರ ತಪ್ಪೇ ಎಂದು ಖಚಿತವಾಗಬೇಕು ಎಂದ. ಎಂಜಿನ್ನಿನ ಹಳೆಯ ಆಯಿಲನ್ನೆಲ್ಲ ತೆಗೆಸಿ, ಗೆರೆಗೆ ಸರಿಯಾಗಿ ಹೊಸದನ್ನು ಹಾಕಿಸಿದ. ಹೈಡ್ರಾಲಿಕ್ ಟ್ಯಾಂಕಿಗೆ ಮಾತ್ರ, ನೀಲಿ ಬೆಳಕು ಬಿದ್ದರೆ ಹೊಳೆಯುವ ಒಂದು ಬಣ್ಣ ಬೆರೆಸಿದ. ಅರ್ಧ ದಿನ ಯಂತ್ರ ಓಡಿಸಿದ. ಆಮೇಲೆ ಎಂಜಿನ್ನಿನಿಂದ ಒಂದು ಲೋಟ ಆಯಿಲ್ ತೆಗೆದು ನೀಲಿ ದೀಪ ಹಿಡಿದ. ಆಯಿಲ್ ಹಸಿರಾಗಿ ಹೊಳೆಯಿತು. ಪಂಪು ಬಿಚ್ಚಿದರೆ ಸೀಲಿನ ಅಂಚು ಉಗುರಿನಷ್ಟು ಹರಿದಿತ್ತು.

ಅವನು ಯಂತ್ರದ ಪುಸ್ತಕ ತರಿಸಿ ಓದಿದ. “ಇದನ್ನು ಬರೆದವನು ಎಲ್ಲಿ? ನಾನು ಇವತ್ತು ಹೇಳಿದ್ದನ್ನು ಅವನು ಆಗಲೇ ಹೇಳಿದ್ದಾನಲ್ಲ” ಎಂದ.

ಸೀಲು ಬದಲಾಯಿತು. ಗುತ್ತಿಗೆದಾರ ಸೂಪರ್‌ವೈಸರ್‌ನನ್ನು ಕ್ವಾರಿಗೆ ಕಳಿಸಿದ. “ಆದದ್ದು ಆಯಿತು. ಸೋಮವಾರದಿಂದ ಕೆಲಸಕ್ಕೆ ಬಾ” ಎಂದ ಸೂಪರ್‌ವೈಸರ್.

ಯಮನೂರಪ್ಪ ತಲೆಯ ಮೇಲಿನ ಕಲ್ಲು ಇಳಿಸಿ ಹೇಳಿದ: “ಅವತ್ತು ಏರಿಯ ಮೇಲೆ ನಿಂತಿದ್ದವರನ್ನೆಲ್ಲ ಸಾಹುಕಾರರು ಮತ್ತೆ ಕರೆಸಲಿ. ಇವನು ಕದ್ದಿರಲಿಲ್ಲ, ನಾನು ಸುಮ್ಮಸುಮ್ಮನೆ ಕಳ್ಳ ಅಂದೆ ಎಂದು ಹೇಳಲಿ. ಫೋಟೋ ಹೋದ ಕಡೆಗೆಲ್ಲ ಆ ಮಾತೂ ಹೋಗಲಿ. ಆಮೇಲೆ ಬರುತ್ತೇನೆ.”

“ಪಂಪು ಕೆಟ್ಟಿತ್ತು ಅಂತ ಎಲ್ಲರಿಗೂ ಗೊತ್ತಾಗಿದೆಯಲ್ಲ ಮಾರಾಯಾ.”

“ಪಂಪಿನ ತಪ್ಪು ಗೊತ್ತಾಗಿದೆ. ಸಾಹುಕಾರರ ತಪ್ಪು ಗೊತ್ತಾಗಿಲ್ಲ.”

ಒಬ್ಬ ಆಪರೇಟರ್‌ನ ಮುಂದೆ ನಾನು ತಲೆ ತಗ್ಗಿಸಬೇಕೇ ಎಂದು ಗುತ್ತಿಗೆದಾರ ಕಿಡಿಕಿಡಿಯಾದ. ಯಮನೂರಪ್ಪ ಇವತ್ತಿಗೂ ಕಲ್ಲು ಹೊರುತ್ತಿದ್ದಾನೆ. ಅವನಿಗೆ ಸೊಕ್ಕು ಎಂದು ಊರು ಮಾತಾಡಿಕೊಂಡಿತು. ಹಿರಿಯರು ಒಬ್ಬೊಬ್ಬರಾಗಿ ಅವನ ಮನೆಗೆ ಹೋಗಿ ಬುದ್ಧಿ ಹೇಳಿ ಬಂದರು.

ನಾನೂ ಹೋಗಿದ್ದೆ. ಸಿಟ್ಟು ಬಿಡಪ್ಪಾ, ಮನಸ್ಸು ಹಗುರಾಗುತ್ತದೆ ಎಂದೆ. ಅವನು ನೆಲ ನೋಡುತ್ತ ಕುಳಿತ. ಹೊನ್ನವ್ವ ನೀರು ತಂದಿಟ್ಟು ಕೇಳಿದಳು: “ಅಜ್ಜಾರೇ, ಸಾಹುಕಾರರ ಮನೆಗೂ ಹೋಗಿ ಬಂದಿರಾ?”

ನನಗೆ ಆ ನೀರು ಕುಡಿಯಲಾಗಲಿಲ್ಲ. ಎದ್ದು ಬಂದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ:

“ಈಗಲಾದರೂ ಅವನ ಸಿಟ್ಟು ಇಳಿದಿದೆಯೇ, ಗುರುಗಳೇ?”

“ನೀನೂ ಅವನ ಸಿಟ್ಟನ್ನೇ ಕೇಳಿದೆ, ಗುತ್ತಿಗೆದಾರ ತನ್ನ ತಪ್ಪು ಒಪ್ಪಿಕೊಂಡನೇ ಎಂದು ಇಷ್ಟು ದಿನದಲ್ಲಿ ಒಬ್ಬನೂ ಕೇಳಲಿಲ್ಲ.”