ಎಣ್ಣೆತೀರಿದ ಬೋರೆ

ಕಣಿವೆಹಟ್ಟಿಯ ಮೂಡಣಕ್ಕೆ ಹೊಂಗೆ, ಕಮರ, ಬಿಕ್ಕೆ ಮರಗಳ ಕಾಡು ಹೊದ್ದ ಬೋರೆಯೊಂದಿದೆ, ಸಣ್ಣದೊಂದು ಗುಡ್ಡ. ಸುತ್ತಲ ಬಯಲೆಲ್ಲ ಬಿಸಿಲಿಗೆ ಬೆಂದಾಗಲೂ ಇದೊಂದು ಹಸಿರಾಗಿರುತ್ತದೆ. ಬೆಳಗಿನ ಹೊತ್ತು ಬುಡದಲ್ಲಿ ನಿಂತರೆ ಪಿಕಳಾರ, ಮಡಿವಾಳ ಹಕ್ಕಿ, ಟುವ್ವಿ ಹಕ್ಕಿಗಳ ದನಿಯಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಊರಿನವರು ಇದನ್ನು ಎಣ್ಣೆತೀರಿದ ಬೋರೆ ಎನ್ನುತ್ತಾರೆ. ಆ ಹೆಸರು ಒಬ್ಬ ಗಾಣಗಿತ್ತಿಯ ಸೇಡಿನಿಂದ ಬಂದದ್ದು.

ಹಿಂದೆ ಒಮ್ಮೆ ಈ ಸೀಮೆಯನ್ನು ಮುದ್ದಲಿಂಗನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಹಾಡುವ ಹಕ್ಕಿಯ ಮಾಂಸ ತಿಂದರೆ ಮುಪ್ಪು ಹತ್ತಿರ ಸುಳಿಯದೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರಂತೆ. ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೇ ಅವನ ಆಳುಗಳು ಆಲದ ಹಾಲನ್ನು ಕಾಯಿಸಿ ಅಂಟು ಮಾಡಿ ಕೊಂಬೆ ಕೊಂಬೆಗೂ ಬಳಿಯುತ್ತಿದ್ದರು. ತಾಯಿ ಹಕ್ಕಿ ಕೊಂಬೆಗೆ ಅಂಟಿ ಒದ್ದಾಡಿದರೆ ಮರಿಗಳು ಗೂಡಿನಲ್ಲೇ ಬಾಯಿ ತೆರೆದುಕೊಂಡು ಸಾಯುತ್ತಿದ್ದವು. ಮೂರು ವರ್ಷ ಹೀಗೇ ನಡೆಯಿತು. ಹೆಕ್ಕುವ ಕೊಕ್ಕುಗಳೇ ವಿರಳವಾದ ಮೇಲೆ ಹುಳು ಸುಮ್ಮನಿದ್ದೀತೆ? ಹೊಂಗೆಯ ಚಿಗುರು, ಹೂವು ಮುಗಿಸಿ ಹೊಲದ ಅವರೆ ತೊಗರಿಗೂ ಇಳಿಯಿತು. ಹಾಲವ್ವನೆಂಬ ಹೆಂಗಸಿನ ಗಾಣಕ್ಕೆ ಹಾಕಲು ಹೊಂಗೆಬೀಜವೇ ಸಿಗದಾಯಿತು. ಅವಳ ಗಂಡ ಕರಿಬಸಪ್ಪ, ನಾಯಕನ ಮುಂದೆ ಕೈಮುಗಿದು, “ಮರಿ ಮಾಡೋ ಕಾಲದಾಗಾದ್ರೂ ಬಿಡಿ ಬುದ್ದಿ, ಊರು ಉಳೀತದೆ” ಎಂದ. ನಾಯಕ ನಕ್ಕು ಅವನನ್ನು ಬೋರೆಯ ಮೇಲಿನ ಆಲದ ಮರಕ್ಕೆ ಕಟ್ಟಿಹಾಕಿಸಿದ. ನೀರು ಕೊಡಲು ಹೋದ ಹಾಲವ್ವನನ್ನು ಆಳುಗಳು ತಡೆದರು. ಮೂರನೆಯ ದಿನ ಮಧ್ಯಾಹ್ನ ಕರಿಬಸಪ್ಪನ ತಲೆ ಎದೆಯ ಮೇಲೆ ಜೋತಿತು, ಮತ್ತೆ ಏಳಲಿಲ್ಲ.

ಹಾಲವ್ವ ಅಳಲಿಲ್ಲವಂತೆ. ವರ್ಷವಿಡೀ ಹಲ್ಲು ಕಚ್ಚಿಕೊಂಡಿದ್ದಳು. ಮತ್ತೆ ಗೂಡಿನ ಕಾಲ ಬಂದಾಗ ತಾನೇ ನಾಯಕನ ಬಳಿಗೆ ಹೋಗಿ, “ಗಾಣ ನಿಂತುಹೋಗೈತೆ ಬುದ್ದಿ. ಈ ಸಲ ಅಂಟು ನಾನು ಕಾಯಿಸ್ತೀನಿ” ಎಂದಳು. ಹಸಿವು ಇವಳ ಸೊಕ್ಕನ್ನು ಮುರಿಯಿತೆಂದುಕೊಂಡು ನಾಯಕ ಒಪ್ಪಿದ. ಆಲದ ಹಾಲಿಗೆ ರಾಳ ಬೆರೆಸಿ ಅವಳು ಕಾಯಿಸಿದ ಅಂಟು ಹಿಂದೆಂದೂ ಯಾರೂ ಕಾಣದಷ್ಟು ಗಟ್ಟಿಯಾಗಿತ್ತು. ಆಳುಗಳು ಅದನ್ನು ಕೊಂಬೆಗಳಿಗೆ ಬಳಿದರು. ಉಳಿದದ್ದನ್ನು ಅವಳು, ಹಕ್ಕಿ ಬೀಳುವುದನ್ನು ನೋಡಲು ನಾಯಕ ಕೂರುತ್ತಿದ್ದ ಹಾಸುಬಂಡೆಗೆ ಸುರಿದು ಮೇಲೆ ತರಗೆಲೆ ಹರಡಿದಳು.

ನಾಯಕ ಬಂದು ಕುಳಿತ. ಏಳಲು ಹೋದರೆ ಏಳಲಾಗಲಿಲ್ಲ. ಊರಿದ ಕೈಯೂ ಅಂಟಿತು, ಹೊರಳಿದಾಗ ಬೆನ್ನೂ ಜುಟ್ಟೂ ಅಂಟಿದವು. ಜೊತೆಗಿದ್ದ ಇಬ್ಬರು ಆಳುಗಳ ಹೊಲವನ್ನೂ ಹುಳು ತಿಂದಿತ್ತು. ಅವರು ಮುಖ ಮುಖ ನೋಡಿಕೊಂಡು, ದೊಣ್ಣೆ ಬಿಸಾಕಿ ಬೋರೆ ಇಳಿದುಬಿಟ್ಟರು.

ಹಾಲವ್ವ ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಗಡಿಗೆ ಹೊಂಗೆಎಣ್ಣೆಯನ್ನು ಹೊತ್ತು ತಂದಳು. ಅಂಟನ್ನು ಬಿಡಿಸುವುದು ಎಣ್ಣೆಯೊಂದೇ.

“ಹಾಕು ಹಾಲವ್ವಾ, ನಿನ್ನ ಕಾಲಿಗೆ ಬೀಳ್ತೀನಿ!”

“ಹಾಕ್ತೀನಿ ಬುದ್ದಿ. ನಿಮಗಿಂತ ಮುಂಚೆ ಸಿಕ್ಕಿಬಿದ್ದವು ಅದಾವೆ.”

ಅವಳು ಕೊಂಬೆಯಿಂದ ಒಂದೊಂದೇ ಹಕ್ಕಿ ಬಿಡಿಸಿ, ಮಡಿಲಲ್ಲಿಟ್ಟುಕೊಂಡು, ಗರಿ ಗರಿಗೂ ಎಣ್ಣೆ ಹಚ್ಚಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಹಿಟ್ಟು ಉಜ್ಜಿ ಜಿಡ್ಡು ಒರೆಸಿ ಹಾರಿಬಿಟ್ಟಳು. ಬಿಸಿಲು ನೆತ್ತಿಗೇರಿತು. ಗಡಿಗೆಯ ತಳದಲ್ಲಿ ಬೊಗಸೆಯಷ್ಟು ಎಣ್ಣೆ ಉಳಿದಾಗ ಅವಳ ಕೈಗೆ ಬಂದದ್ದು ಕತ್ತು ವಾಲಿದ ಪಿಕಳಾರ.

“ಅದು ಸತ್ತೈತೆ!” ಎಂದು ನಾಯಕ ಕಿರುಚಿದ.

“ಹೌದು ಬುದ್ದಿ,” ಎನ್ನುತ್ತ ಹಾಲವ್ವ ಆ ಸತ್ತ ಹಕ್ಕಿಯ ರೆಕ್ಕೆ ಬಿಡಿಸಿ, ಒಂದು ಗರಿಯನ್ನೂ ಬಿಡದೆ ತೊಳೆದಳು. ಆಮೇಲೆ ಗಡಿಗೆಯನ್ನು ಅವನ ಕಣ್ಣೆದುರಿಗೇ ಬೋರಲು ಹಾಕಿದಳು. “ಎಣ್ಣೆ ತೀರಿತು.”

ನಾಯಕ ಎಷ್ಟು ದಿನ ಬದುಕಿದ್ದನೆಂಬುದರಲ್ಲಿ ಹಿರಿಯರಿಗೆ ಒಮ್ಮತವಿಲ್ಲ. ಯಾರೂ ಮೇಲೆ ಹೋಗಲಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಇಂದು ಹೋದವರಿಗೂ ಆ ಬಂಡೆಯ ಮೇಲೆ ಒಬ್ಬ ಮನುಷ್ಯನಗಲದ ಕಪ್ಪು ಕಲೆ ಕಾಣುತ್ತದೆ. ಎಷ್ಟು ಮಳೆ ಹೊಯ್ದರೂ ಹೋಗಿಲ್ಲ. ಯುಗಾದಿಯಿಂದ ಮರಿಗಳು ಗೂಡು ಬಿಡುವವರೆಗೆ ಬಲೆ, ಕವಣೆ ಹಿಡಿದು ಬೋರೆ ಹತ್ತುವಂತಿಲ್ಲ. ಕಣಿವೆಹಟ್ಟಿಯ ಹೆಂಗಸರು ಬುಡದಲ್ಲೇ ಅಡ್ಡಗಟ್ಟಿ ಕಸಿದುಕೊಂಡು, ತಂದವನ ಕಣ್ಣೆದುರಿಗೇ ಸುಡುತ್ತಾರೆ. ಆ ಬೂದಿಯ ಗುಪ್ಪೆ ಹತ್ತುವ ದಾರಿಯಲ್ಲೇ ಇದೆ, ಹೋದ ವರ್ಷದ್ದರ ಮೇಲೆ ಈ ವರ್ಷದ್ದು.