ಬಂಡೆಯ ಕೆಳಗಿನ ಮುದುರಪ್ಪ

ಕಲ್ಲೇರಿ ಕಾಡು ಎಂದರೆ ಅರ್ಧ ಮರ, ಅರ್ಧ ಬಂಡೆ. ಬಂಡೆಗಳ ನಡುವೆ ಒಂದು ಹಳ್ಳ ಹರಿಯುತ್ತದೆ. ಮಕ್ಕಳೇ, ಆ ಹಳ್ಳದ ದಂಡೆಯ ಮೇಲೆ ನಾಲ್ವರು ಗೆಳೆಯರಿದ್ದರು. ಕಾಡಿನವರೆಲ್ಲ ಅವರನ್ನು 'ನಾಲ್ವರ ಪಡೆ' ಎಂದು ಕರೆಯುತ್ತಿದ್ದರು.

ಗುಡುಗಣ್ಣ ಎಂಬ ಕರಡಿಗೆ ಹತ್ತು ಜನರ ಬಲ. ಗಗನಕ್ಕ ಎಂಬ ಮಂಗಟ್ಟೆ ಹಕ್ಕಿ ಆಕಾಶದಿಂದಲೇ ನೆಲದ ಮೇಲಿನ ಇರುವೆಯನ್ನು ಕಾಣಬಲ್ಲಳು. ಚುರುಕಿ ಎಂಬ ನೀರುನಾಯಿ ಎಂಥ ಸುಳಿಯಲ್ಲೂ ಮುಳುಗಿ ಏಳಬಲ್ಲಳು. ನಾಲ್ಕನೆಯವನು ಮುದುರಪ್ಪ. ಅವನೊಬ್ಬ ಚಿಪ್ಪುಹಂದಿ. ಮೈತುಂಬ ಚಿಪ್ಪು, ಉದ್ದನೆಯ ಉಗುರು. ನೆಲವನ್ನು ಬೆಣ್ಣೆಯಂತೆ ಕೊರೆಯುವುದೇ ಅವನ ಶಕ್ತಿ.

ಯಾರಿಗೆ ಕಷ್ಟ ಬಂದರೂ ಈ ನಾಲ್ವರು ಓಡುತ್ತಿದ್ದರು. ಕೆಸರಲ್ಲಿ ಹೂತ ಜಿಂಕೆಯನ್ನು ಎಳೆದದ್ದು ಅವರೇ. ಪ್ರವಾಹದಲ್ಲಿ ತೇಲಿ ಹೋಗುತ್ತಿದ್ದ ಮಂಗನ ಮರಿಯನ್ನು ತಂದದ್ದೂ ಅವರೇ. ಕಾಡಿನ ಮರಿಗಳು ಆಟ ಆಡುವಾಗ "ನಾನು ಗುಡುಗಣ್ಣ!" "ನಾನು ಗಗನಕ್ಕ!" ಎಂದು ಜಗಳವಾಡುತ್ತಿದ್ದವು. ಮುದುರಪ್ಪ ಆಗಲು ಮಾತ್ರ ಯಾರೂ ಮುಂದೆ ಬರುತ್ತಿರಲಿಲ್ಲ. ಮಣ್ಣೊಳಗೆ ಮಾಡುವ ಕೆಲಸ ಯಾರ ಕಣ್ಣಿಗೆ ಬೀಳುತ್ತದೆ ಹೇಳಿ?

ಮುದುರಪ್ಪನಿಗೆ ಅದರ ಚಿಂತೆ ಇರಲಿಲ್ಲ. ಗುಡುಗಣ್ಣನಿಗೆ ಮಾತ್ರ ಕಾಡಿನವರ ಹೊಗಳಿಕೆ ಎಂದರೆ ಜೇನುಹುಟ್ಟಿಗಿಂತ ರುಚಿ.

ಆ ವರ್ಷ ಎಂಟು ದಿನ ಬಿಡದೆ ಮಳೆ ಸುರಿಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಗುಡ್ಡದ ಮಣ್ಣು ಜಾರಿ, ಸೂಜಜ್ಜಿ ಎಂಬ ಮುದಿ ಮುಳ್ಳುಹಂದಿಯ ಬಿಲದ ಬಾಯಿ ಮುಚ್ಚಿಹೋಯಿತು. ಅಜ್ಜಿ ಒಳಗೇ ಸಿಕ್ಕಿಕೊಂಡಳು.

ನಾಲ್ವರ ಪಡೆ ಓಡಿ ಬಂತು. ಕಾಡಿನ ಅರ್ಧ ಜನ ಹಿಂದೆಯೇ ಬಂದರು.

ಮುದುರಪ್ಪ ನೆಲಕ್ಕೆ ಕಿವಿಯಿಟ್ಟು ಕೇಳಿದ. ಆಮೇಲೆ ಬಿಲದ ಮೇಲಿದ್ದ ದೊಡ್ಡ ಬಂಡೆಯ ಬುಡ ನೋಡಿದ.

"ಗುಡುಗಣ್ಣ, ಬಂಡೆಯ ಬುಡದಲ್ಲಿ ಮಣ್ಣು ಸಡಿಲವಾಗಿದೆ. ಮೊದಲು ಅದಕ್ಕೊಂದು ಮರದ ದಿಮ್ಮಿ ಆನಿಸೋಣ," ಎಂದ.

"ದಿಮ್ಮಿ ಹುಡುಕುವಷ್ಟರಲ್ಲಿ ಅಜ್ಜಿಯ ಉಸಿರು ನಿಂತೀತು," ಎಂದ ಗುಡುಗಣ್ಣ. "ನಾನಿಲ್ಲವೇ? ಬಂಡೆಯನ್ನು ನಾನು ಹಿಡಿದಿರುತ್ತೇನೆ. ನೀನು ಹೋಗು."

"ಕೈ ಬಿಡಬೇಡ, ಅಣ್ಣ."

"ಬಿಟ್ಟೇನೇ?"

ಮುದುರಪ್ಪ ಮಣ್ಣು ಕೊರೆದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಬಿಲದ ಬಾಯಲ್ಲಿ ಅಜ್ಜಿಯ ಮೂಗು ಕಂಡಿತು, ಆಮೇಲೆ ಮುಳ್ಳು ಕಂಡವು. ಹಿಂದಿನಿಂದ ಮುದುರಪ್ಪ ಅವಳನ್ನು ದೂಡುತ್ತಿದ್ದ. ಅಜ್ಜಿ ಉರುಳಿಕೊಂಡು ಹೊರಗೆ ಬಿದ್ದಳು.

"ಗುಡುಗಣ್ಣನಿಗೆ ಜೈ!" ಎಂದು ಕಾಡಿನವರು ಕೂಗಿದರು.

ಗುಡುಗಣ್ಣನ ಎದೆ ಉಬ್ಬಿತು. ನಗುತ್ತಾ ಎಡಗೈಯನ್ನು ಮೇಲೆತ್ತಿ ಬೀಸಿದ.

ಒಂದೇ ಕ್ಷಣ, ಅಷ್ಟೇ. ಬಂಡೆ ಎಡಕ್ಕೆ ಜಾರಿ ದಡಾರನೆ ಕುಸಿಯಿತು. ಒದ್ದೆ ಮಣ್ಣು ಸುತ್ತೆಲ್ಲ ಸಿಡಿಯಿತು. ಕಣ್ಣು ಬಿಟ್ಟು ನೋಡಿದರೆ ಬಿಲದ ಬಾಯಿಯೇ ಇರಲಿಲ್ಲ.

"ಮುದುರಪ್ಪಾ!" ಎಂದು ಚುರುಕಿ ಕಿರುಚಿದಳು.

ಉತ್ತರವಿಲ್ಲ. ಮಣ್ಣಲ್ಲಿ ಎರಡು ಮುರಿದ ಚಿಪ್ಪು ಮಾತ್ರ ಬಿದ್ದಿದ್ದವು.

ಗುಡುಗಣ್ಣ ಬಂಡೆಯನ್ನು ತಳ್ಳಿದ. ಅದು ಅಲುಗಲಿಲ್ಲ. ತಾನು ಕೈ ಬಿಟ್ಟದ್ದನ್ನು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಬಂಡೆ ಜಾರಿದಾಗ ಎಲ್ಲರ ಕಣ್ಣೂ ಹೊರಗೆ ಬಿದ್ದ ಅಜ್ಜಿಯ ಮೇಲಿತ್ತು. ಯಾರಿಗೂ ಗೊತ್ತಾಗಿರಲಿಲ್ಲ.

"ಮುದುರಪ್ಪ ಹೋದ," ಎಂದ ಗುಡುಗಣ್ಣ. "ಬಂಡೆ ನೇರ ಅವನ ಮೇಲೇ ಬಿತ್ತು. ನಾನು ಕಣ್ಣಾರೆ ಕಂಡೆ."

"ಸುತ್ತ ಒಂದಿಷ್ಟು ಅಗೆದು ನೋಡೋಣ," ಎಂದಳು ಗಗನಕ್ಕ.

"ಏನು ಅಗೆಯುತ್ತೀಯ? ಅವನ ಹೆಣವನ್ನೇ?" ಎಂದು ಗುಡುಗಣ್ಣ ಗದರಿದ. "ಸತ್ತವನನ್ನು ಸುಮ್ಮನೆ ಮಲಗಲು ಬಿಡಿ."

ಗುಡುಗಣ್ಣ ಯಾವತ್ತೂ ಸುಳ್ಳು ಹೇಳಿದವನಲ್ಲ. ಹಾಗಾಗಿ ಎಲ್ಲರೂ ನಂಬಿದರು. ಮಣ್ಣಲ್ಲಿ ಬಿದ್ದಿದ್ದ ಅಜ್ಜಿ ಏದುಸಿರು ಬಿಡುತ್ತಾ ಏನೋ ಹೇಳಲು ಬಾಯಿ ತೆರೆದಳು. "ನೀವು ಮಾತಾಡಬೇಡಿ ಅಜ್ಜಿ, ದಣಿದಿದ್ದೀರಿ," ಎಂದು ಗುಡುಗಣ್ಣ ಅವಳನ್ನು ಜಿಂಕೆಗಳ ಜೊತೆ ಕಳಿಸಿಬಿಟ್ಟ.

ಮರುದಿನ ಮುಂಜಾನೆ ಬಂಡೆಯ ಹತ್ತಿರ ಕಾಡೆಲ್ಲ ಸೇರಿತು. ಮಂಗಗಳು ಮುತ್ತುಗದ ಎಲೆ ಹಾಸಿದವು. ನವಿಲು ಒಂದು ಗರಿ ಇಟ್ಟಿತು. ಚುರುಕಿ ಎರಡು ಚಿಪ್ಪುಗಳನ್ನೂ ಹಳ್ಳದಲ್ಲಿ ತೊಳೆದು ಎಲೆಯ ಮೇಲಿಟ್ಟಳು. ಅವಳ ಕಣ್ಣು ಊದಿಕೊಂಡಿತ್ತು.

"ಮುದುರಪ್ಪನಂಥ ಗೆಳೆಯ ಇನ್ನೊಬ್ಬನಿಲ್ಲ," ಎಂದು ಗುಡುಗಣ್ಣ ಮಾತು ಶುರು ಮಾಡಿದ. ಮಾತನ್ನು ಅರ್ಧಕ್ಕೇ ನಿಲ್ಲಿಸಿ ಚಿಪ್ಪುಗಳಿಂದ ಮುಖ ತಿರುಗಿಸಿದ. ಎಲ್ಲರೂ ಅದು ದುಃಖ ಎಂದುಕೊಂಡರು. ದುಃಖವೂ ಹೌದು, ಆದರೆ ಅದರೊಳಗೆ ಇನ್ನೊಂದು ಮುಳ್ಳಿತ್ತು. ಇಡೀ ರಾತ್ರಿ ಅವನಿಗೆ ನಿದ್ದೆ ಬಂದಿರಲಿಲ್ಲ.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಗರಗರ ಸದ್ದು ಬಂತು. ಸೂಜಜ್ಜಿ ಮುಳ್ಳು ಅಲ್ಲಾಡಿಸುತ್ತಾ ಕುಂಟಿಕೊಂಡು ಬಂದಳು.

"ಏನಪ್ಪಾ ಇದು? ಯಾರು ಸತ್ತರು?"

"ಮುದುರಪ್ಪ, ಅಜ್ಜಿ. ನಿಮ್ಮನ್ನು ಉಳಿಸಲು ಹೋಗಿ..." ಎಂದಳು ಗಗನಕ್ಕ.

"ಸತ್ತದ್ದನ್ನು ಯಾರು ಕಂಡರು? ನನ್ನನ್ನು ಹೊರಗೆ ದೂಡುವಾಗ ಅವನೇ ಹೇಳಿದನಲ್ಲ, 'ಅಜ್ಜಿ, ನೀವು ಮೇಲೆ ಹೋಗಿ, ನನ್ನ ತಲೆಯ ಮೇಲೆ ಮಣ್ಣು ಉದುರುತ್ತಿದೆ, ನಾನು ಕೆಳದಾರಿ ಹಿಡಿಯುತ್ತೇನೆ' ಅಂತ!"

ಎಲ್ಲರೂ ಒಮ್ಮೆಲೇ ಎದ್ದು ನಿಂತರು.

"ನಿನ್ನೆಯೇ ಯಾಕೆ ಹೇಳಲಿಲ್ಲ ಅಜ್ಜಿ?" ಎಂದಳು ಚುರುಕಿ.

"ಹೇಳಲು ಬಿಟ್ಟರಲ್ಲವೇ? ಸುಮ್ಮನಿರಿ ಅಜ್ಜಿ, ಮಲಗಿ ಅಜ್ಜಿ ಅಂತ ಆ ಜಿಂಕೆಗಳು ಸೊಪ್ಪು ತಿನ್ನಿಸಿದ್ದೇ ತಿನ್ನಿಸಿದ್ದು."

"ಕೆಳದಾರಿ ಎಲ್ಲಿದೆ?"

ಅಜ್ಜಿ ತಲೆ ತುರಿಸಿಕೊಂಡಳು. "ಅಲ್ಲೇ ತೊಡಕು. ನನ್ನ ಬಿಲಕ್ಕೆ ಎರಡು ಕೆಳದಾರಿ. ಎಡಗಡೆಯದು ಗುಡ್ಡದ ಒಳಕ್ಕೆ ಹೋಗುತ್ತದೆ. ಬಲಗಡೆಯದು ಹಳ್ಳದ ದಂಡೆಗೆ ಹೋಗುತ್ತದೆ, ನೀರು ಉಕ್ಕಿದ್ದರಿಂದ ನನಗೆ ಆ ದಾರಿಯಲ್ಲಿ ಬರಲಾಗಲಿಲ್ಲ. ಬಂಡೆ ನೇರ ಬಿದ್ದಿದ್ದರೆ ಎರಡೂ ಮುಚ್ಚಿರುತ್ತವೆ, ಅವನಿಗೆ ದಾರಿಯೇ ಇಲ್ಲ. ಬಂಡೆ ಹೇಗೆ ಬಿತ್ತು, ಕಂಡವರು ಯಾರು?"

ಎಲ್ಲರೂ ಗುಡುಗಣ್ಣನ ಕಡೆ ತಿರುಗಿದರು.

ಗುಡುಗಣ್ಣ ಬಂಡೆಯ ಕಡೆ ನೋಡಿದ. ನೇರ ಬಿತ್ತು ಎಂದು ತಾನೇ ಹೇಳಿಯಾಗಿದೆ. ಈಗ ನಿಜ ಹೇಳಿದರೆ ಕಾಡಿನವರ ಎದುರು ತಲೆ ಎತ್ತುವಂತಿಲ್ಲ. ಹೇಳದಿದ್ದರೆ ಎಲ್ಲರೂ ಆಸೆ ಬಿಟ್ಟು ಮನೆಗೆ ಹೋಗುತ್ತಾರೆ. ಬಂಡೆಯ ಕೆಳಗೆ ಎಲ್ಲೋ ಒಂದು ಜೀವ ಕಾಯುತ್ತಿದ್ದರೆ?

ಅವನು ಅಜ್ಜಿಯ ಮುಂದೆ ಮಂಡಿಯೂರಿ ಕುಳಿತ.

"ಬಂಡೆ ನೇರ ಬೀಳಲಿಲ್ಲ ಅಜ್ಜಿ. ಎಡಕ್ಕೆ ಜಾರಿತು. ನೀವೆಲ್ಲ ಜೈ ಎಂದಾಗ ನಾನು ಎಡಗೈ ಎತ್ತಿಬಿಟ್ಟೆ. ಕೈ ಬಿಡಬೇಡ ಅಂತ ಅವನು ಹೇಳಿಯೇ ಹೋಗಿದ್ದ. ನಾನೇ ಬಿಟ್ಟೆ. ಅದು ಯಾರಿಗೂ ಗೊತ್ತಾಗದಿರಲಿ ಅಂತ ಸುಳ್ಳು ಹೇಳಿದೆ."

ಚುರುಕಿಯ ಮುಖ ಕೆಂಪಾಯಿತು.

"ನಿನಗೆ ಹೇಳಬೇಕಾದ್ದು ನನ್ನ ಹತ್ತಿರ ತುಂಬ ಇದೆ ಗುಡುಗಣ್ಣ," ಎಂದಳು. "ಆದರೆ ಈಗ ಹೊತ್ತಿಲ್ಲ. ಅಜ್ಜಿ, ಎಡಕ್ಕೆ ಜಾರಿದ್ದರೆ?"

"ಹಾಗಾದರೆ ಬಲದಾರಿ ತೆರೆದಿದೆ!" ಎಂದು ಅಜ್ಜಿ ಬಾಲ ಕೊಡವಿದಳು. "ಹಳ್ಳದ ಕಡೆ ಓಡಿ!"

ಗಗನಕ್ಕ ಭರ್ ಎಂದು ಮೇಲೇರಿದಳು. ಬಂಡೆಯಿಂದ ಹಳ್ಳದವರೆಗೆ ಎರಡು ಸಲ ಸುತ್ತಿದಳು. "ಇಲ್ಲಿ ನೋಡಿ! ನೆಲ ಗೆರೆ ಎಳೆದಂತೆ ಕುಸಿದಿದೆ. ದಂಡೆಗೆ ಹತ್ತಾರು ಹೆಜ್ಜೆ ಇರುವಾಗ ಗೆರೆ ನಿಂತುಬಿಟ್ಟಿದೆ, ಅವನು ಅಲ್ಲೇ ಸಿಕ್ಕಿಕೊಂಡಿರಬೇಕು," ಎಂದು ಕೂಗಿದಳು.

ಚುರುಕಿ ಹಳ್ಳಕ್ಕೆ ಹಾರಿದಳು. ನೀರು ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಬಲದಾರಿಯ ಬಾಯಿ ನೀರಿನ ಕೆಳಗೆ ಮುಳುಗಿತ್ತು. ಅವಳು ಮೂರು ಸಲ ಮುಳುಗಿದಳು. ಮೂರನೆಯ ಸಲ ಎದ್ದಾಗ ಮೀಸೆಯ ತುಂಬ ಕೆಸರಿತ್ತು.

"ಬಾಯಿಯಲ್ಲಿ ಕೆಸರು ಗಟ್ಟಿಯಾಗಿ ಕೂತಿದೆ. ಆದರೆ ಕಿವಿಯಿಟ್ಟು ಕೇಳಿದೆ. ಒಳಗೆ ಕರಕರ ಅಂತ ಒಂದು ಸದ್ದು ಬಂತು. ಉಗುರಿನ ಸದ್ದು! ಆಮೇಲೆ ನಿಂತುಹೋಯಿತು."

ಗುಡುಗಣ್ಣ ದಂಡೆಗೆ ನುಗ್ಗಿ ಅಗೆಯಲು ಎರಡೂ ಕೈ ಎತ್ತಿದ.

"ನಿಲ್ಲೋ!" ಎಂದಳು ಅಜ್ಜಿ. "ಮೇಲಿನಿಂದ ಅಗೆದರೆ ಸುರಂಗದ ಮಾಡು ಅವನ ಮೇಲೇ ಬೀಳುತ್ತದೆ. ಪಕ್ಕದಿಂದ ಬಾ. ಹಿಡಿ ಹಿಡಿಯಾಗಿ ತೆಗೆ."

ಒಂದೇ ಏಟಿಗೆ ಗೆದ್ದಲಿನ ಹುತ್ತ ಒಡೆಯುವ ಕರಡಿ, ಮಗುವಿಗೆ ತುತ್ತು ಕಲಸುವವರಂತೆ ಮಣ್ಣು ತೆಗೆಯತೊಡಗಿದ. ಗಗನಕ್ಕ ಕೊಂಬೆಯ ಮೇಲೆ ಕುಳಿತು ನೆಲದ ಬಿರುಕು ನೋಡುತ್ತಿದ್ದಳು. "ತಡಿ" ಎಂದರೆ ನಿಲ್ಲುತ್ತಿದ್ದ. "ಹ್ಞೂಂ" ಎಂದರೆ ಮುಂದುವರಿಸುತ್ತಿದ್ದ. ಚುರುಕಿ ಕಲ್ಲು ಆರಿಸಿ ಹೊರಗೆ ಹಾಕಿದಳು. ಜಿಂಕೆಗಳು, ಮಂಗಗಳು ಸಾಲಾಗಿ ನಿಂತು ಮಣ್ಣು ಸಾಗಿಸಿದವು. ಗುಡುಗಣ್ಣನ ಉಗುರು ಮುರಿದು ರಕ್ತ ಬಂತು. ಅವನು ನಿಲ್ಲಲಿಲ್ಲ. ಯಾರೂ ಜೈ ಎನ್ನಲಿಲ್ಲ. ಅವನಿಗೆ ಅದು ಬೇಕೂ ಆಗಿರಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಅವನ ಕೈಗೆ ಗಟ್ಟಿಯಾದದ್ದೇನೋ ತಗುಲಿತು. ಚಿಪ್ಪು!

ಮುದುರಪ್ಪ ಉಂಡೆಯಾಗಿ ಮುದುಡಿಕೊಂಡಿದ್ದ. ಮೈ ಕಲ್ಲಿನಂತೆ ತಣ್ಣಗಿತ್ತು. ಅಲುಗಾಟವೇ ಇಲ್ಲ.

"ಅಯ್ಯೋ," ಎಂದು ಮಂಗಗಳು ಅಳಲು ಶುರು ಮಾಡಿದವು.

"ಶ್! ಈಗಲೇ ಅಳಬೇಡಿ," ಎಂದ ಗುಡುಗಣ್ಣ. ಉಂಡೆಯನ್ನು ಎದೆಗೆ ಅವಚಿಕೊಂಡ. ತನ್ನ ದಪ್ಪ ಕೂದಲಿನ ಬಿಸಿ ಅದಕ್ಕೆ ತಾಗಲಿ ಎಂದು ಬಿಗಿಯಾಗಿ ಹಿಡಿದು ಕುಳಿತ. ಚಿಪ್ಪಿನ ಸಂದಿಗೆ ಬಾಯಿಟ್ಟು ಮೆಲ್ಲನೆ ಹೇಳಿದ:

"ಮುದುರಪ್ಪ, ನಾನು ಗುಡುಗ. ಕೈ ಬಿಟ್ಟವನು ನಾನೇ. ಎಲ್ಲರ ಎದುರು ಒಪ್ಪಿಕೊಂಡಿದ್ದೇನೆ. ಬೈಯಲಿಕ್ಕಾದರೂ ಒಮ್ಮೆ ಮಾತಾಡಪ್ಪ."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಚಿಪ್ಪು ಕದಲಿತು. ಬಾಲ ಸಡಿಲವಾಯಿತು. ಮಣ್ಣು ಮೆತ್ತಿದ ಚೂಪು ಮೂಗು ಹೊರಗೆ ಬಂತು.

"ಅಣ್ಣ... ಒಂದು ಗುಟುಕು ನೀರು."

ಚುರುಕಿ ಎಲೆಯಲ್ಲಿ ನೀರು ತರುವಾಗ ಅರ್ಧ ಚೆಲ್ಲಿದಳು. ಅಷ್ಟು ಅಳುತ್ತಿದ್ದಳು, ಅಷ್ಟೇ ನಗುತ್ತಿದ್ದಳು. ಗಗನಕ್ಕ ಕೊಂಬೆಯಿಂದ ಕೊಂಬೆಗೆ ಹಾರಿ ಕಾಡಿಗೆಲ್ಲ ಸುದ್ದಿ ಮುಟ್ಟಿಸಿದಳು. ಸೂಜಜ್ಜಿ ಮುದುರಪ್ಪನ ಮುಂದೆ ಕುಳಿತು ಅವನ ಮೂಗಿನ ಮಣ್ಣು ಒರೆಸಿದಳು.

"ನನ್ನ ಮುದಿ ಜೀವಕ್ಕಾಗಿ ನಿನ್ನ ಜೀವ ಒತ್ತೆ ಇಟ್ಟೆಯಲ್ಲೋ ಮಗನೇ. ನಿನ್ನ ಹೊಟ್ಟೆ ತಣ್ಣಗಿರಲಿ."

"ನಿಮ್ಮ ಬಲದಾರಿ ಇಲ್ಲದಿದ್ದರೆ ನಾನೆಲ್ಲಿ ಉಳಿಯುತ್ತಿದ್ದೆ ಅಜ್ಜಿ?" ಎಂದ ಮುದುರಪ್ಪ. "ಚೆನ್ನಾಗಿ ತೋಡಿದ್ದೀರಿ. ಕೊನೆಗೆ ಕೆಸರು ಬಂದು ಮುಚ್ಚಿತು, ಉಗುರೂ ಸೋತಿತು. ಆಗ ಮುದುಡಿ ಮಲಗಿದೆ."

"ಹೆದರಿಕೆ ಆಗಲಿಲ್ಲವೇ?" ಎಂದಳು ಚುರುಕಿ.

"ಆಯಿತು. ಕತ್ತಲಲ್ಲಿ ನಿಮ್ಮ ಮೂವರ ಹೆಸರು ಹೇಳುತ್ತಾ ಇದ್ದೆ. ನಿಮ್ಮಲ್ಲಿ ಯಾರಾದರೂ ಒಳಗಿದ್ದರೆ ನಾನು ಬಿಟ್ಟು ಹೋಗುತ್ತಿದ್ದೆನೇ? ಹಾಗೆಯೇ ನೀವೂ ಬಿಡುವುದಿಲ್ಲ ಅಂದುಕೊಂಡೆ. ಆ ಮಾತೇ ನನಗೆ ಉಸಿರಾಯಿತು."

ಗುಡುಗಣ್ಣ ತಲೆ ತಗ್ಗಿಸಿದ. "ನಾನು ಬಿಟ್ಟುಬಿಟ್ಟಿದ್ದೆ ಮುದುರಪ್ಪ. ಒಂದು ಹಗಲು, ಒಂದು ರಾತ್ರಿ. ಬರುವುದು ತಡವಾಯಿತು."

ಮುದುರಪ್ಪ ಅವನ ಮುರಿದ ಉಗುರುಗಳನ್ನು ನೋಡಿದ. ತನ್ನ ಪುಟ್ಟ ಕೈಯನ್ನು ಅವುಗಳ ಮೇಲಿಟ್ಟ.

"ನೀನು ಕೈ ಬಿಟ್ಟದ್ದಕ್ಕೆ ನನಗೆ ನೋವಾಗಿದೆ ಅಣ್ಣ, ಇಲ್ಲ ಅನ್ನುವುದಿಲ್ಲ. ಆದರೆ ನೀನು ನಿಜ ಹೇಳದಿದ್ದರೆ ಇವರು ಈ ದಂಡೆಗೆ ಬರುತ್ತಿರಲೇ ಇಲ್ಲ. ಇವತ್ತು ಈ ಸಂಜೆಯ ಬಿಸಿಲನ್ನು ನೋಡುತ್ತಿದ್ದೇನೆ. ಅದು ನಿನ್ನಿಂದ, ಇವರೆಲ್ಲರಿಂದ."

ಗುಡುಗಣ್ಣ ಮುದುರಪ್ಪನನ್ನು ಬೆನ್ನ ಮೇಲೆ ಕೂರಿಸಿಕೊಂಡು ಮೆಲ್ಲ ಮೆಲ್ಲನೆ ಹೆಜ್ಜೆ ಹಾಕಿದ. ಹಿಂದೆ ಕಾಡಿಗೆ ಕಾಡೇ ನಡೆದು ಬಂತು. ಬಿಸಿಲು ಇಳಿಯುವವರೆಗೂ ಮುದುರಪ್ಪ ದಾರಿಯ ಒಂದೊಂದು ಮರವನ್ನೂ ಹೊಸದಾಗಿ ಕಂಡವನಂತೆ ನೋಡುತ್ತಾ ಹೋದ.

ನೀತಿ: ತಪ್ಪನ್ನು ಮುಚ್ಚಿಟ್ಟವನು ಗೆಳೆಯನನ್ನೂ ಮಣ್ಣಲ್ಲಿ ಮುಚ್ಚಿಬಿಡುತ್ತಾನೆ, ಒಪ್ಪಿಕೊಂಡವನಿಗೆ ಅವನನ್ನು ಹುಡುಕುವ ದಾರಿ ಕಾಣುತ್ತದೆ.