ಮಂಜುಗಡ್ಡೆಯ ಮೇಲಿನ ಗುಡಿಸಲು ಯಾರದು?

ಚಳಿಗಾಲ ಬಂತೆಂದರೆ ಕೆರೆಯ ಮೇಲೆ ನಡೆದಾಡಬಹುದಾದಷ್ಟು ಚಳಿಯ ನಾಡಿನಲ್ಲಿ ಒಂದು ದೇವದಾರು ಕಾಡಿತ್ತು. ಕಾಡಿನ ನಡುವೆ ದೊಡ್ಡ ಕೆರೆಯಿತ್ತು. ಚಳಿಗಾಲದಲ್ಲಿ ಅದು ದಂಡೆಯಿಂದ ದಂಡೆಗೆ ಕಲ್ಲಿನಂತೆ ಹೆಪ್ಪುಗಟ್ಟುತ್ತಿತ್ತು.

ಕೆರೆಯ ದಂಡೆಯಲ್ಲಿ ಗುರವ್ವ ಎಂಬ ನೀರುನಾಯಿ ಇದ್ದಳು. ಹೋದ ಚಳಿಗಾಲದಲ್ಲಿ ಅವಳ ಗಂಡ ಮಂಜುಗಡ್ಡೆಯಲ್ಲಿ ಕಂಡಿ ಕೊರೆದು ಮೀನಿಗಾಗಿ ಕೆಳಗೆ ಇಳಿದಿದ್ದ. ಮೇಲೆ ಶೀತಗಾಳಿ ಬೀಸುತ್ತಿತ್ತು. ಅವನು ಮರಳುವಷ್ಟರಲ್ಲಿ ಕಂಡಿ ಮುಚ್ಚಿಹೋಗಿತ್ತು. ಮಂಜುಗಡ್ಡೆಯ ಮೇಲೆ ಹಿಮ ಬಿದ್ದಿದ್ದರಿಂದ ಕೆಳಗೆ ನಡುಹಗಲಿನಲ್ಲೂ ಕತ್ತಲೆ. ಕಂಡಿ ಎಲ್ಲಿತ್ತೆಂದೇ ಅವನಿಗೆ ತಿಳಿಯಲಿಲ್ಲ. ಅವನು ಮೇಲೆ ಬರಲೇ ಇಲ್ಲ.

ಈ ವರ್ಷ ಕಾಡಿನಲ್ಲಿ ಹಣ್ಣು ಕಾಯಿ ಬಿಡಲಿಲ್ಲ. ಎಲ್ಲರಿಗೂ ಮೀನೇ ಗತಿಯಾಯಿತು. ಗುರವ್ವ ತನ್ನ ಗೆಳೆಯರನ್ನು ಕರೆದಳು. ಮರಕುಟಿಗ ಈರಣ್ಣ ಬಂದ. ಕಾಗೆ ಕಾಳಿಂಗ ಬಂದ. ಮುದಿ ಕಾಡುಬೆಕ್ಕು ಬೂದಕ್ಕನೂ ಬಂದಳು.

"ಇನ್ನೊಬ್ಬರು ನನ್ನ ಗಂಡನ ಹಾಗೆ ಸಾಯಬಾರದು. ಕಂಡಿಯ ಮೇಲೆ ಒಂದು ಗುಡಿಸಲು ಕಟ್ಟೋಣ. ಒಳಗೆ ಬೆಚ್ಚಗಿದ್ದರೆ ಕಂಡಿ ಮುಚ್ಚುವುದಿಲ್ಲ. ಒಂದು ದೀಪವೂ ಇದ್ದರೆ ಕೆಳಗೆ ಇಳಿದವರಿಗೆ ದಾರಿ ಕಾಣುತ್ತದೆ" ಎಂದಳು ಗುರವ್ವ.

"ದೀಪ ಎಲ್ಲಿಂದ ತರುತ್ತೀಯೆ?" ಎಂದು ಬೂದಕ್ಕ ಕೇಳಿದಳು.

"ಅದು ನನಗೆ ಬಿಡಿ" ಎಂದ ಕಾಳಿಂಗ.

ಈರಣ್ಣ ಮೂರು ವಾರ ಹಲಗೆ ಕೊರೆದ. ಅವನ ಕೊಕ್ಕಿನ ತುದಿ ಮುರಿಯಿತು. ಬೂದಕ್ಕ ನಾರು ಹೊಸೆದು ಹಲಗೆಗಳನ್ನು ಬಿಗಿದು ಕಟ್ಟಿದಳು. ಅವಳ ಎರಡು ಉಗುರು ಕಿತ್ತುಹೋದವು. ಗುರವ್ವ ಅಂಗೈ ಬಿರಿಯುವಷ್ಟು ಕೆರೆದು ಕಂಡಿ ಕೊರೆದಳು. ಗುಡಿಸಲನ್ನು ಬೇಕಾದ ಕಡೆ ಎಳೆಯಲು ಬರಲಿ ಎಂದು ಅಡಿಯಲ್ಲಿ ಎರಡು ಜಾರುವ ದಿಮ್ಮಿ ಇಟ್ಟರು. ಮನುಷ್ಯರು ಬಿಸಾಡಿದ್ದ ಎಣ್ಣೆ ಡಬ್ಬಿಯಲ್ಲಿ ಪುಟ್ಟ ಒಲೆ ಮಾಡಿದರು. ಹೊಗೆ ಹೋಗಲು ಕೊಳವೆ ಹಾಕಿದರು.

ಕಾಡಿನಾಚೆಯ ರಸ್ತೆಯ ಪಕ್ಕದಲ್ಲಿ ಒಂದು ಮುರುಕು ಸೈಕಲ್ ಬಿದ್ದಿತ್ತು. ಕಾಳಿಂಗ ಐದು ದಿನ ಕುಕ್ಕಿ ಕುಕ್ಕಿ ಅದರ ಡೈನಮೊ, ತಂತಿ ಮತ್ತು ಬಲ್ಬನ್ನು ಬಿಡಿಸಿ ತಂದ. ಈರಣ್ಣ ತೆಳು ಹಲಗೆಗಳಿಂದ ಗಾಳಿಚಕ್ರ ಮಾಡಿ, ಡೈನಮೊಗೆ ಜೋಡಿಸಿ ಚಾವಣಿಯ ಮೇಲೆ ನಿಲ್ಲಿಸಿದ. ಗಾಳಿ ಬೀಸಿತು. ಚಕ್ರ ತಿರುಗಿತು. ಡೈನಮೊ ಗುಯ್‌ಗುಟ್ಟಿತು. ಕಂಡಿಯ ಮೇಲೆ ತೂಗುಹಾಕಿದ್ದ ಬಲ್ಬು ಹತ್ತಿಕೊಂಡಿತು.

ಗುರವ್ವ ಕಂಡಿಯೊಳಗೆ ಧುಮುಕಿದಳು. ಕೆಳಗಿನಿಂದ ತಲೆಯೆತ್ತಿ ನೋಡಿದಳು. ಕಪ್ಪು ನೀರಿನಲ್ಲಿ ಹಳದಿ ಬೆಳಕಿನ ಒಂದು ದುಂಡನೆ ಬಾಗಿಲು ಕಂಡಿತು. ಅವಳು ಮೀನು ಹಿಡಿದು ಮೇಲೆ ಬಂದಾಗ ಅವಳ ಮುಖದ ಮೇಲಿದ್ದುದು ಬರೀ ಕೆರೆಯ ನೀರಲ್ಲ.

ಅಂದಿನಿಂದ ಹಸಿದವರೆಲ್ಲ ಗುಡಿಸಲಿಗೆ ಬಂದರು. ಗಾಳ ಹಾಕಿದರು. ಮೈ ಕಾಯಿಸಿಕೊಂಡರು. ಈರಣ್ಣನಿಗೆ ಮೀನು ಬೇಡ, ಒಲೆಯ ಪಕ್ಕದ ಮೂಲೆ ಸಾಕಾಗಿತ್ತು.

ನರಿ ಕೆಂಚಪ್ಪನೂ ದಿನಾ ಬರುತ್ತಿದ್ದ. ಕಟ್ಟುವಾಗ ಅವನು ದಂಡೆಯ ಬಂಡೆಯ ಮೇಲೆ ಬಾಲ ಹೊದ್ದುಕೊಂಡು ಕೂತಿದ್ದ. "ಹುಚ್ಚರು! ನೀರಿನ ಮೇಲೆ ಮನೆಯಂತೆ!" ಎಂದು ನಕ್ಕಿದ್ದ. ಈಗ ಒಳಗೆ ಬಂದು ದೊಡ್ಡ ಮೀನನ್ನೇ ಆರಿಸಿಕೊಂಡು ತಿನ್ನುತ್ತಿದ್ದ. ಹಸಿದವನಿಗೆ ಇಲ್ಲವೆನ್ನಬಾರದೆಂದು ಗುರವ್ವ ಸುಮ್ಮನಿದ್ದಳು.

ಆ ಕಾಡಿನ ಮುಖಂಡ ಜಟ್ಟಪ್ಪನೆಂಬ ಕರಡಿ. ಚಳಿಗಾಲವೆಲ್ಲ ಗುಹೆಯಲ್ಲಿ ಮಲಗುವವನು ಈ ಸಲ ಹಸಿವಿನಿಂದ ನಿದ್ದೆ ಬಾರದೆ ಎದ್ದು ಬಂದ. ಕೆರೆಯ ಮೇಲೆ ಹೊಗೆ ಕಂಡು ಅವನಿಗೆ ಆಶ್ಚರ್ಯವಾಯಿತು. ಕೆಂಚಪ್ಪ ಓಡಿಹೋಗಿ ಅರ್ಧ ದಾರಿಯಲ್ಲೇ ಅವನನ್ನು ಎದುರುಗೊಂಡ.

"ಬನ್ನಿ ಒಡೆಯಾ. ನಿಮಗೋಸ್ಕರವೇ ಒಂದು ಗುಡಿಸಲು ಕಟ್ಟಿಸಿದ್ದೇನೆ" ಎಂದ.

ಜಟ್ಟಪ್ಪ ಒಳಗೆ ಬಂದ. ಒಲೆಯ ಬಿಸಿ ತಾಗಿತು. ಬಲ್ಬು ಬೆಳಗುತ್ತಿತ್ತು. ಕೆಂಚಪ್ಪ ಬೇರೆಯವರು ಹಿಡಿದ ಮೀನನ್ನು ಅವನ ಮುಂದಿಟ್ಟ.

"ಭೇಷ್! ಇದೆಲ್ಲ ನಿನ್ನ ಕೆಲಸವೇ?" ಎಂದ ಜಟ್ಟಪ್ಪ.

"ಎಲ್ಲ ನನ್ನ ಬುದ್ಧಿ ಒಡೆಯಾ" ಎಂದು ಕೆಂಚಪ್ಪ ತಲೆ ಬಾಗಿಸಿದ.

ಗುರವ್ವನ ಮೀಸೆ ಕೋಪದಿಂದ ನಡುಗಿತು. "ಸುಳ್ಳು! ಇವನು ಒಂದು ಕಡ್ಡಿಯನ್ನೂ ಎತ್ತಲಿಲ್ಲ. ಇದನ್ನು ನಾವು ನಾಲ್ವರು ಕಟ್ಟಿದ್ದು."

ಕೆಂಚಪ್ಪ ಮೆಲ್ಲಗೆ ನಕ್ಕ. "ಹೌದು, ಕೈಕೆಲಸ ಇವರದೇ. ನಾನು ಹೇಳಿಕೊಟ್ಟೆ, ಇವರು ಮಾಡಿದರು. ಕಲ್ಲು ಹೊತ್ತವರೆಲ್ಲ ಕೋಟೆ ನಮ್ಮದು ಅಂದರೆ ಹೇಗೆ ಒಡೆಯಾ?"

ಎಂಥ ಮಾತು ನೋಡಿ! ಈರಣ್ಣ ಮುರಿದ ಕೊಕ್ಕನ್ನು ತೆರೆದ. ಜಟ್ಟಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ಅವನ ಬಾಯಲ್ಲಿ ಮೀನಿತ್ತು, ಬೆನ್ನಿಗೆ ಬೆಚ್ಚಗಿತ್ತು. ಅವನಿಗೆ ವಿಚಾರಣೆ ಬೇಕಿರಲಿಲ್ಲ.

"ಜಗಳ ಸಾಕು. ಇಂದಿನಿಂದ ಕೆಂಚಪ್ಪನೇ ಈ ಗುಡಿಸಲಿನ ಯಜಮಾನ" ಎಂದುಬಿಟ್ಟ.

ಮಾರನೆಯ ದಿನ ಬೆಳಿಗ್ಗೆ ಬೂದಕ್ಕ ಗಾಳ ಹಿಡಿದು ಬಂದಳು. ಕೆಂಚಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಒಳಗೆ ಜಾಗವಿಲ್ಲ. ಹೊರಗೆ ಬೇರೆ ಕಂಡಿ ಕೊರೆದುಕೋ. ಸಿಕ್ಕ ಮೀನನ್ನು ಮೊದಲು ನನಗೆ ತಂದು ತೋರಿಸು" ಎಂದ.

"ಈ ಬಾಗಿಲನ್ನು ಕಟ್ಟಿದವಳು ನಾನು ಕಣೋ!" ಎಂದು ಬೂದಕ್ಕ ಕೂಗಿದಳು.

"ಕಟ್ಟಿದ್ದು ಚೆನ್ನಾಗಿದೆ. ಈಗ ಹೊರಡು" ಎಂದು ಅವನು ಬಾಗಿಲು ಹಾಕಿಕೊಂಡ.

ಗುರವ್ವ ಗೆಳೆಯರನ್ನು ದಂಡೆಯಲ್ಲಿ ಕೂಡಿಸಿದಳು. "ನನ್ನ ಗಂಡ ಸತ್ತ ನೀರಿನ ಮೇಲೆ ನಾನು ಹಚ್ಚಿದ ದೀಪ ಅದು. ಅದರಡಿಯಲ್ಲಿ ಕೂತು ಆ ನರಿ ನಮ್ಮನ್ನು ಚಳಿಗೆ ದೂಡುತ್ತಾನೆಯೇ?" ಎಂದಳು. ಗೆಳೆಯರು ಯಾರೂ ಒಳಗೆ ಕಾಲಿಡಲಿಲ್ಲ. ಅವನಿಗೆ ಒಂದು ಮೀನನ್ನೂ ಕೊಡಲಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಸರದಿಯಂತೆ ಕಂಡಿಯನ್ನು ಕೆದಕುತ್ತ, ಹೊರಗೇ ಕೂತು ಮೀನು ಹಿಡಿದರು.

ಕೆಂಚಪ್ಪನಿಗೆ ಮೀನು ಹಿಡಿಯಲು ಬರುತ್ತಿರಲಿಲ್ಲ. ನಾಲ್ಕು ದಿನವಾದರೂ ಅವನ ಗಾಳಕ್ಕೆ ಒಂದು ಮೀನೂ ಬೀಳಲಿಲ್ಲ. ಜಟ್ಟಪ್ಪ ಗುರುಗುಟ್ಟಿದ. "ಯಜಮಾನ, ಮೀನೆಲ್ಲಿ?"

"ಜಾಗ ಸರಿಯಿಲ್ಲ ಒಡೆಯಾ. ಆ ದಡ್ಡರು ತಪ್ಪು ಕಡೆ ನಿಲ್ಲಿಸಿದ್ದಾರೆ. ತೊರೆ ಬಂದು ಕೆರೆಗೆ ಸೇರುವ ಮೂಲೆಯಲ್ಲಿ ಮೀನು ಕಿಕ್ಕಿರಿದಿದೆ. ಗುಡಿಸಲನ್ನು ಅಲ್ಲಿಗೆ ಎಳೆಯೋಣ."

ಜಟ್ಟಪ್ಪ ದಿಮ್ಮಿಗಳಿಗೆ ಹಗ್ಗ ಬಿಗಿದು ಹೆಗಲಿಗೆ ಹಾಕಿಕೊಂಡು ಎಳೆಯತೊಡಗಿದ. ದಿಮ್ಮಿಗಳು ಕಿರ್ರೆಂದು ಜಾರಿದವು. ಅದನ್ನು ಕಂಡ ಗುರವ್ವ ಜಾರುತ್ತ, ಎಡವುತ್ತ ಓಡಿಬಂದು ಹಗ್ಗದ ಮುಂದೆ ನಿಂತಳು.

"ನಿಲ್ಲಿಸು ಜಟ್ಟಪ್ಪ! ಅಲ್ಲಿಗೆ ಬೇಡ!"

"ಯಾಕೆ?"

"ಇಲ್ಲಿ ಗಡ್ಡೆ ಒಂದು ಮೊಳ ದಪ್ಪವಿದೆ. ತೊರೆಯ ಮೂಲೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಅಲ್ಲಿ ನಾಲ್ಕು ಬೆರಳು ದಪ್ಪವೂ ಇಲ್ಲ. ಮೇಲೆ ಹಿಮ ಮುಚ್ಚಿರುವುದರಿಂದ ಗೊತ್ತಾಗುವುದಿಲ್ಲ. ನಾವು ಕೋಲು ಚುಚ್ಚಿ ನೋಡಿಯೇ ಇದನ್ನು ಇಲ್ಲಿ ನಿಲ್ಲಿಸಿದ್ದು."

"ಹೊಟ್ಟೆಕಿಚ್ಚು ಒಡೆಯಾ. ಅಲ್ಲಿನ ಮೀನೆಲ್ಲ ತನಗೇ ಬೇಕೆಂಬ ಆಸೆ" ಎಂದ ಕೆಂಚಪ್ಪ.

ಜಟ್ಟಪ್ಪ ಗುರವ್ವನನ್ನು ನೋಡಿದ. ಕೆಂಚಪ್ಪನನ್ನು ನೋಡಿದ. ಒಂದು ಗಳಿಗೆ ಅನುಮಾನಿಸಿದ. ಆಮೇಲೆ, "ಕಟ್ಟಿದವನಿಗೆ ಗೊತ್ತಿರುವುದಿಲ್ಲವೇ? ಪಕ್ಕಕ್ಕೆ ಸರಿ" ಎಂದ.

ಗುರವ್ವ ಸರಿಯಲಿಲ್ಲ. ಜಟ್ಟಪ್ಪ ಅವಳನ್ನು ಸುತ್ತಿ ಬಳಸಿ ಗುಡಿಸಲನ್ನು ಎಳೆದುಕೊಂಡು ಹೋದ.

ತೊರೆಯ ಮೂಲೆಯಲ್ಲಿ ಕೆಂಚಪ್ಪ ಸುಲಭವಾಗಿ ಕಂಡಿ ಕೊರೆದ. ಗಡ್ಡೆ ಏಕೆ ಇಷ್ಟು ಬೇಗ ತೂತಾಯಿತೆಂದು ಅವನು ಯೋಚಿಸಲಿಲ್ಲ. ಗಾಳ ಹಾಕಿದ ಕೂಡಲೇ ಮೀನು ಬಿತ್ತು. "ನೋಡಿದಿರಾ?" ಎಂದು ಅವನು ಕುಣಿದ. ಒಲೆಗೆ ಎರಡು ಪಾಲು ಸೌದೆ ತುಂಬಿದ. ಜಟ್ಟಪ್ಪ ಒಲೆಯ ಪಕ್ಕದಲ್ಲಿ ದಪ್ಪನೆ ಕುಳಿತ.

ಕೆಳಗಿನಿಂದ ಸಣ್ಣದಾಗಿ ಟಿಕ್ ಎಂದಿತು. ಮತ್ತೆ ಟಿಕ್ ಎಂದಿತು. ಆಮೇಲೆ ಮರ ಸೀಳಿದಂಥ ಸದ್ದು.

ಗಡ್ಡೆ ಬಾಯಿಬಿಟ್ಟಿತು. ಗುಡಿಸಲು ವಾಲಿತು. ಒಲೆ ಉರುಳಿ ನೀರಿಗೆ ಬಿದ್ದು ಬುಸ್ಸೆಂದಿತು. ಜಟ್ಟಪ್ಪ ಗೋಡೆಯನ್ನು ಮುರಿದುಕೊಂಡು ಹೊರಬಿದ್ದ. ಸೊಂಟದವರೆಗೆ ಮುಳುಗಿ ಗಡ್ಡೆಯ ಅಂಚಿಗೆ ಉಗುರು ಊರಿ ನೇತಾಡಿದ. ಕೆಂಚಪ್ಪನನ್ನು ಹರಿಯುವ ನೀರು ಎಳೆದುಕೊಂಡು ಗಡ್ಡೆಯ ಅಡಿಗೆ ಒಯ್ದಿತು.

ಬೂದಕ್ಕ, ಈರಣ್ಣ, ಕಾಳಿಂಗ ಓಡಿಬಂದರು. "ಸಾಯಲಿ ಬಿಡು ಆ ನರಿ!" ಎಂದು ಬೂದಕ್ಕ ಕಿರುಚಿದಳು.

ಗುರವ್ವನಿಗೂ ಹಾಗೇ ಅನ್ನಿಸಿತು. ಆದರೆ ಗಡ್ಡೆಯ ಅಡಿಯಿಂದ ಬಡಿಯುವ ಸದ್ದು ಕೇಳಿತು. ಮೇಲೆ ಬರಲು ದಾರಿ ಕಾಣದವನ ಬಡಿತ ಅದು. ಅವಳಿಗೆ ತಡೆಯಲಾಗಲಿಲ್ಲ. ಒಡೆದ ಜಾಗದಲ್ಲಿ ಧುಮುಕಿದಳು. ಬಹಳ ಹೊತ್ತಾಯಿತು. ಕೊನೆಗೆ ಕೆಂಚಪ್ಪನ ಕತ್ತಿನ ಚರ್ಮವನ್ನು ಕಚ್ಚಿಕೊಂಡು ಮೇಲೆ ಬಂದಳು. ಅಷ್ಟರಲ್ಲಿ ಬೂದಕ್ಕ ಹೊರಗೆ ಬಿಚ್ಚಿಟ್ಟಿದ್ದ ಎಳೆಯುವ ಹಗ್ಗದ ಒಂದು ತುದಿಯನ್ನು ದಂಡೆಯ ಮರಕ್ಕೆ ಬಿಗಿದು, ಇನ್ನೊಂದನ್ನು ಜಟ್ಟಪ್ಪನ ಕಡೆ ಎಸೆದಿದ್ದಳು. ಜಟ್ಟಪ್ಪ ಅದನ್ನು ಹಿಡಿದು, ಹೊಟ್ಟೆಯ ಮೇಲೆ ತೆವಳುತ್ತ ದಡ ಸೇರಿದ.

ಅವರ ಕಣ್ಣೆದುರೇ ಗುಡಿಸಲು ಮುಳುಗಿತು. ಗಾಳಿಚಕ್ರ ಒಂದು ಸುತ್ತು ತಿರುಗಿ ಕೆಳಗಿಳಿಯಿತು.

ಜಟ್ಟಪ್ಪ ಗಡಗಡ ನಡುಗುತ್ತಿದ್ದ. "ಗುರವ್ವ, ತಪ್ಪಾಯಿತು. ಮುಂದೆ ನೀನೇ ಯಜಮಾನಿ" ಎಂದ.

ಗುರವ್ವ ಹಲ್ಲು ಕಡಿದಳು. "ನಿನ್ನ ಪಟ್ಟ ಯಾರಿಗೆ ಬೇಕು? ಇವನು ಸುಳ್ಳುಗಾರನೆಂದು ಕಾಡಿಗೇ ಗೊತ್ತು. ಇವನ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟು ನನಗೆ ನಿನ್ನ ಮೇಲಿದೆ. ಕಟ್ಟಿದವರು ಯಾರೆಂದು ತಿಳಿಯಲು ನೀನು ನಮ್ಮ ಮಾತನ್ನೂ ಕೇಳಬೇಕಿರಲಿಲ್ಲ. ನಮ್ಮ ಕೈ ನೋಡಿದ್ದರೆ ಸಾಕಿತ್ತು."

ಜಟ್ಟಪ್ಪ ತಲೆ ತಗ್ಗಿಸಿದ. ಆಮೇಲೆ ಒಬ್ಬೊಬ್ಬರ ಬಳಿಗೂ ಹೋದ. ಈರಣ್ಣನ ಮುರಿದ ಕೊಕ್ಕನ್ನು ನೋಡಿದ. ಬೂದಕ್ಕನ ಉಗುರಿಲ್ಲದ ಬೆರಳುಗಳನ್ನು ನೋಡಿದ. ಕಾಳಿಂಗನ ಕಾಲಿನಲ್ಲಿ ತಂತಿ ಕೊಯ್ದ ಗಾಯವನ್ನು ನೋಡಿದ. ಗುರವ್ವನ ಬಿರುಕುಬಿಟ್ಟ ಅಂಗೈಯನ್ನು ತುಂಬ ಹೊತ್ತು ಹಿಡಿದುಕೊಂಡ. ಕೊನೆಗೆ ಕೆಂಚಪ್ಪನ ಕಡೆ ತಿರುಗಿ, "ನಿನ್ನ ಕೈ ತೋರಿಸು" ಎಂದ.

ಕೆಂಚಪ್ಪ ತನ್ನ ನುಣುಪಾದ ಕೈಗಳನ್ನು ಒದ್ದೆ ಬಾಲದ ಅಡಿಯಲ್ಲಿ ಬಚ್ಚಿಟ್ಟುಕೊಂಡ.

ಆ ಚಳಿಗಾಲ ಮುಗಿಯುವುದರೊಳಗೆ ಅವರು ಇನ್ನೊಂದು ಗುಡಿಸಲು ಕಟ್ಟಿದರು. ಮರದ ದಿಮ್ಮಿಗಳನ್ನು ಜಟ್ಟಪ್ಪನೇ ಹೊತ್ತು ತಂದ. ಬೇರೆ ಡೈನಮೊ ಹುಡುಕಲು ಕಾಳಿಂಗ ಮೂರು ಬೆಟ್ಟ ದಾಟಿ ಹೋಗಿ ಬಂದ. ಕೆಂಚಪ್ಪ ನಾರು ಹೊಸೆದ, ಹಲಗೆ ಎಳೆದ, ದಿನವೂ ಕೋಲು ಚುಚ್ಚಿ ಗಡ್ಡೆಯ ದಪ್ಪ ಅಳೆದ. ಅವನ ಕೈಯಲ್ಲಿ ಮೊದಲ ಗುಳ್ಳೆ ಎದ್ದಾಗ ಅದನ್ನು ಎಲ್ಲರಿಗೂ ತೋರಿಸಲು ಬಂದ. ಗುರವ್ವ ನೋಡಿದಳು. "ಇನ್ನೂ ಹತ್ತು ಹಲಗೆ ಬಾಕಿ ಇವೆ" ಎಂದು ಹೇಳಿ ತನ್ನ ಕೆಲಸಕ್ಕೆ ತಿರುಗಿದಳು.

ನೀತಿ: ಇನ್ನೊಬ್ಬರ ದುಡಿಮೆಯನ್ನು ತನ್ನದೆಂದು ಹೇಳಿಕೊಂಡವನಿಗೆ ಹೆಸರು ಸಿಗಬಹುದು, ತಿಳಿವಳಿಕೆ ಸಿಗುವುದಿಲ್ಲ, ವಿಚಾರಿಸದೆ ಅವನನ್ನು ನಂಬಿದವನೂ ಅವನ ಜೊತೆಗೇ ಮುಳುಗುತ್ತಾನೆ.